ವಿಮಾನ ಬಿದ್ದದ್ದು ಏಕೆ? ಉತ್ತರ ಸಿಗಲು 52 ವರ್ಷ!

ಪ್ರಯಾಣಿಕರ ವಿಮಾನ ಬಿದ್ದರೆ ಅದರ ತನಿಖಾ ವರದಿ ಇಂದಲ್ಲ ನಾಳೆ ಎಲ್ಲರ ಕೈಗೂ ಸಿಗುತ್ತದೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದಾಗ, ಒಂದು ತಿಂಗಳಿಗೆ ಸರಿಯಾಗಿ ಪ್ರಾಥಮಿಕ ವರದಿ ಹೊರಬಂದದ್ದು ನಮಗೆಲ್ಲ ನೆನಪಿದೆ. ಆದರೆ ವಾಯುಪಡೆಯ ವಿಮಾನ ಬಿದ್ದರೆ? ‘ತನಿಖೆಗೆ ಆದೇಶಿಸಲಾಗಿದೆ’ ಎಂಬ ಒಂದು ಸಾಲು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಆಮೇಲೆ ಅದೇನಾಯಿತು ಎಂದು ನಾವೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಈ ಗುಟ್ಟು ಏಕೆ? ಅದು ಎಷ್ಟು ಬೇಕು? ಇದನ್ನು ತಿಳಿಯಲು ಅಮೆರಿಕದ ಒಂದು ಹಳೆಯ ಪ್ರಕರಣ ನೋಡೋಣ.

ಮೂವರು ವಿಧವೆಯರ ಮೊಕದ್ದಮೆ

1948ರ ಅಕ್ಟೋಬರ್ 6. ಜಾರ್ಜಿಯಾ ರಾಜ್ಯದ ವಾಯುನೆಲೆಯಿಂದ ಬಿ-29 ಬಾಂಬರ್ ವಿಮಾನವೊಂದು ಹೊರಟಿತು. ಹಿರೋಷಿಮಾ, ನಾಗಸಾಕಿಗಳ ಮೇಲೆ ಅಣುಬಾಂಬ್ ಹಾಕಿದ್ದು ಇದೇ ಜಾತಿಯ ವಿಮಾನ. ನಾಲ್ಕು ಎಂಜಿನ್ನಿನ ಈ ದೈತ್ಯನಿಗೆ ಒಂದು ಕೆಟ್ಟ ಹೆಸರಿತ್ತು: ಎಂಜಿನ್ ಬೇಗ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಅಂದು ಅದರಲ್ಲಿ ರಹಸ್ಯ ಎಲೆಕ್ಟ್ರಾನಿಕ್ ಉಪಕರಣವೊಂದರ ಪರೀಕ್ಷೆ ನಡೆಯಬೇಕಿತ್ತು. ಒಳಗಿದ್ದವರು 13 ಮಂದಿ. ಹಾರುತ್ತಿದ್ದಂತೆ ಒಂದು ಎಂಜಿನ್ನಿಗೆ ಬೆಂಕಿ ಬಿತ್ತು. ವಿಮಾನ ವೇಕ್ರಾಸ್ ಎಂಬ ಊರಿನ ಬಳಿ ಮುರಿದು ಬಿತ್ತು. ಪ್ಯಾರಾಚೂಟ್ ಹಿಡಿದು ನಾಲ್ವರು ಉಳಿದರು, ಒಂಬತ್ತು ಜನ ಸತ್ತರು.

ಸತ್ತವರಲ್ಲಿ ಮೂವರು ಸೈನಿಕರಲ್ಲ, ಖಾಸಗಿ ಸಂಸ್ಥೆಗಳ ಎಂಜಿನಿಯರುಗಳು. ಅವರ ಪತ್ನಿಯರು ಪರಿಹಾರಕ್ಕಾಗಿ ಸರ್ಕಾರದ ಮೇಲೆ ದಾವೆ ಹೂಡಿ, ‘ಅಪಘಾತದ ವರದಿ ತೋರಿಸಿ’ ಎಂದು ಕೇಳಿದರು. ‘ಅದು ದೇಶದ ರಹಸ್ಯ, ಕೊಡಲಾಗದು’ ಎಂದಿತು ವಾಯುಪಡೆ. ‘ನನಗೊಬ್ಬನಿಗೇ ತೋರಿಸಿ, ಓದಿ ನಾನೇ ತೀರ್ಮಾನಿಸುತ್ತೇನೆ’ ಎಂದರು ಕೆಳಗಿನ ನ್ಯಾಯಾಲಯದ ನ್ಯಾಯಾಧೀಶರು. ಅದಕ್ಕೂ ಸರ್ಕಾರ ಒಪ್ಪಲಿಲ್ಲ. ಹಾಗಾದರೆ ಪರಿಹಾರ ಕೊಡಿ ಎಂದು ತೀರ್ಪಾಯಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1953ರ ಮಾರ್ಚಿನಲ್ಲಿ ಅಲ್ಲಿ ಆರು ನ್ಯಾಯಮೂರ್ತಿಗಳು ಸರ್ಕಾರದ ಕಡೆ, ಮೂವರು ವಿಧವೆಯರ ಕಡೆ ನಿಂತರು. ಸರ್ಕಾರ ಗೆದ್ದಿತು. ಆದರೆ ಆ ಒಂಬತ್ತು ಮಂದಿಯೂ ವರದಿಯನ್ನು ತೆರೆದು ನೋಡಿರಲಿಲ್ಲ! ಬೇರೆ ದಾರಿ ಕಾಣದೆ ಮೂವರೂ ಮೊದಲ ತೀರ್ಪಿಗಿಂತ ಕಡಿಮೆ ಹಣಕ್ಕೆ ರಾಜಿಯಾದರು. ‘ರಹಸ್ಯ’ ಎಂದು ಹೇಳಿ ಕಾಗದ ತಡೆಹಿಡಿಯುವ ಹಕ್ಕಿಗೆ ಅಮೆರಿಕದ ಸರ್ಕಾರ ಇಂದಿಗೂ ಆಧಾರವಾಗಿ ತೋರಿಸುವುದು ಈ ರೆನಾಲ್ಡ್ಸ್ ತೀರ್ಪನ್ನೇ.

ಗುಟ್ಟಿನ ಗಂಟು ಬಿಚ್ಚಿದಾಗ

ಸತ್ತ ಎಂಜಿನಿಯರೊಬ್ಬರಿಗೆ ಆಗ ಏಳು ವಾರದ ಮಗಳಿದ್ದಳು. ತಂದೆಯ ಮುಖ ನೆನಪಿಲ್ಲದ ಆ ಮಗು ಬೆಳೆದು ಐವತ್ತು ದಾಟಿದ ಮೇಲೆ, 2000ದಲ್ಲಿ, ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದಾಗ ಹಳೆಯ ಅಪಘಾತ ವರದಿಗಳನ್ನು ಮಾರುವ ಜಾಲತಾಣವೊಂದು ಸಿಕ್ಕಿತು. ಗೌಪ್ಯತೆಯ ಮುದ್ರೆ ಅಷ್ಟರಲ್ಲಿ ತೆಗೆದುಹಾಕಿದ್ದರಿಂದ ತಂದೆಯ ವಿಮಾನದ ವರದಿಯೂ ಅಲ್ಲಿತ್ತು. ಆಕೆ ದುಡ್ಡು ಕೊಟ್ಟು ತರಿಸಿಕೊಂಡರು.

ಉಪಕರಣದ ಗುಟ್ಟು ಅದರಲ್ಲಿ ಇರಲಿಲ್ಲ. ಇದ್ದದ್ದು ಬೇರೆ. ಎಂಜಿನ್ನಿಗೆ ಬೆಂಕಿ ತಗಲದಂತೆ ಶಾಖ ತಡೆಯುವ ತಗಡುಗಳನ್ನು ಅಳವಡಿಸಬೇಕೆಂದು ವಾಯುಪಡೆಯೇ ಆದೇಶ ಹೊರಡಿಸಿತ್ತು. ಈ ವಿಮಾನಕ್ಕೆ ಅದನ್ನು ಮಾಡಿರಲಿಲ್ಲ. ತುರ್ತಿನಲ್ಲಿ ಹೇಗೆ ಹೊರಗೆ ಹಾರಬೇಕೆಂದು ಎಂಜಿನಿಯರುಗಳಿಗೆ ಸರಿಯಾಗಿ ತಿಳಿಸಿಯೂ ಇರಲಿಲ್ಲ. ಕುಟುಂಬದವರು ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಹಳೆಯ ತೀರ್ಪನ್ನು ತೆರೆಯಲು ನ್ಯಾಯಾಲಯಗಳು ಒಪ್ಪಲಿಲ್ಲ.

ಎಂಜಿನ್ ಕೆಟ್ಟರೆ ಪೈಲಟ್ ಏನು ಮಾಡುತ್ತಾನೆ?

ಮಕ್ಕಳು ಕೇಳಬಹುದು: ನಾಲ್ಕರಲ್ಲಿ ಒಂದು ಎಂಜಿನ್ ಕೆಟ್ಟರೆ ವಿಮಾನ ಬೀಳಲೇಬೇಕೆ? ಬೇಡ. ಮೊದಲು ಕೆಟ್ಟ ಎಂಜಿನ್ ಯಾವುದೆಂದು ಗುರುತಿಸಬೇಕು, ಇನ್ನೊಮ್ಮೆ ಖಚಿತಪಡಿಸಿಕೊಳ್ಳಬೇಕು, ಆಮೇಲೆ ಇಂಧನ ನಿಲ್ಲಿಸಬೇಕು. ಪಂಖದ ವಿಮಾನವಾದರೆ ನಿಂತ ಪಂಖದ ಎಲೆಗಳನ್ನು ಗಾಳಿಗೆ ಅಂಚು ತೋರುವಂತೆ ತಿರುಗಿಸಬೇಕು. ಇದಕ್ಕೆ ಫೆದರಿಂಗ್ ಎನ್ನುತ್ತಾರೆ. ಬಿರುಗಾಳಿಗೆ ಮೊರವನ್ನು ಅಗಲವಾಗಿ ಹಿಡಿದರೆ ಕೈಯನ್ನೇ ತಳ್ಳುತ್ತದೆ. ಅಂಚು ಮುಂದಾಗಿ ಹಿಡಿದರೆ ಸಲೀಸು. ಅದೇ ಲೆಕ್ಕ.

ಒಂದೇ ಎಂಜಿನ್ನಿನ ಯುದ್ಧವಿಮಾನದಲ್ಲಿ ಎತ್ತರ ಮತ್ತು ವೇಗವೇ ಪೈಲಟ್‌ನ ಉಳಿತಾಯ ಖಾತೆ. ಖಾತೆಯಲ್ಲಿ ಸಾಕಷ್ಟಿದ್ದರೆ ಎಂಜಿನ್ನನ್ನು ಮತ್ತೆ ಹೊತ್ತಿಸಲು ನೋಡಬಹುದು. ಖಾಲಿಯಾಗುತ್ತಿದ್ದರೆ ಆಸನ ಸಮೇತ ಹೊರಗೆ ಹಾರಬೇಕು. ಆ ತೀರ್ಮಾನಕ್ಕೆ ಸಿಗುವುದು ಕೆಲವೇ ಸೆಕೆಂಡು.

‘ಗುರುತಿಸು, ಖಚಿತಪಡಿಸಿಕೋ’ ಎಂಬುದನ್ನು ಮರೆತರೆ ಏನಾಗುತ್ತದೆ? 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಬೋಯಿಂಗ್ ವಿಮಾನದ ಎಡ ಎಂಜಿನ್ ಕೆಟ್ಟಿತು. ಪೈಲಟ್‌ಗಳು ಚೆನ್ನಾಗಿದ್ದ ಬಲ ಎಂಜಿನ್ನನ್ನು ನಿಲ್ಲಿಸಿಬಿಟ್ಟರು. 47 ಜನ ಸತ್ತರು. ಅದು ಪ್ರಯಾಣಿಕರ ವಿಮಾನ. ವರದಿ ಬಹಿರಂಗವಾದ್ದರಿಂದ ಆ ಪಾಠ ಲೋಕದ ಪೈಲಟ್‌ಗಳಿಗೆಲ್ಲ ತಲುಪಿತು.

ಎರಡೂ ಬೇಕು

ಹಾಗೆಂದು ಸೇನೆಯ ಗುಟ್ಟೆಲ್ಲ ನೆಪ ಎನ್ನಲಾಗದು. ವಿಮಾನದ ಬಲಹೀನತೆ ಶತ್ರುವಿಗೆ ತಿಳಿಯಬಾರದು. ಇನ್ನೊಂದು ಕಾರಣವೂ ಇದೆ: ಹೇಳಿದ್ದು ತನ್ನ ಕುತ್ತಿಗೆಗೇ ಬರುತ್ತದೆಂದು ಗೊತ್ತಾದರೆ ಯಾವ ಮೆಕ್ಯಾನಿಕ್ ತಾನೇ ನಿಜ ಬಾಯಿಬಿಡುತ್ತಾನೆ? ಇದಕ್ಕೇ ಅಮೆರಿಕದ ವಾಯುಪಡೆ ಈಗ ದೊಡ್ಡ ಅಪಘಾತಗಳಿಗೆ ಎರಡು ತನಿಖೆ ನಡೆಸುತ್ತದೆ. ಒಂದು ಸುರಕ್ಷತೆಗಾಗಿ, ಅದರ ಹೇಳಿಕೆಗಳು ಗೋಪ್ಯ. ಇನ್ನೊಂದು ಕುಟುಂಬಕ್ಕೂ ಜನರಿಗೂ ತಿಳಿಯಲೆಂದು.

ನಮ್ಮಲ್ಲಿ ನಡೆಯುವುದು ಕೋರ್ಟ್ ಆಫ್ ಎನ್‌ಕ್ವೈರಿ. ಪೂರ್ತಿ ವರದಿ ಸಾಮಾನ್ಯವಾಗಿ ಹೊರಬರುವುದಿಲ್ಲ. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಬಿತ್ತು. ಬದುಕುಳಿದಿದ್ದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ವಾರದ ಮೇಲೆ ನಮ್ಮ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಯಂತ್ರದೋಷವೂ ಅಲ್ಲ, ವಿಧ್ವಂಸಕ ಕೃತ್ಯವೂ ಅಲ್ಲ, ಹವಾಮಾನ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿದ್ದೇ ಕಾರಣ ಎಂದು ವಾಯುಪಡೆ 2022ರ ಜನವರಿಯಲ್ಲಿ ಸಾರಾಂಶ ತಿಳಿಸಿತು. ಆ ನಾಲ್ಕು ಸಾಲಿನಿಂದಲೇ ಎಷ್ಟೋ ಗಾಳಿಸುದ್ದಿ ತಣ್ಣಗಾಯಿತು.

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಗುಟ್ಟಿನ ಬೆಲೆ ಗೊತ್ತು. ಗ್ರಾಹಕರ ಖಾತೆಯ ವಿವರ ಮೂರನೆಯವರಿಗೆ ಹೇಳುವಂತಿಲ್ಲ. ಆ ನಿಯಮ ಇರುವುದು ಗ್ರಾಹಕರ ರಕ್ಷಣೆಗೆ. ಕೌಂಟರಿನ ಒಳಗಿನವರ ತಪ್ಪು ಮುಚ್ಚಲು ಅಲ್ಲ. ಸೇನೆಯ ಗುಟ್ಟಿಗೂ ಇದೇ ಅಳತೆ ಸಾಕು. ಶತ್ರುವಿಗೆ ತಿಳಿಯಬಾರದ್ದು ಪೆಟ್ಟಿಗೆಯಲ್ಲಿರಲಿ. ಆದರೆ ಅಪ್ಪ ಏಕೆ ಮನೆಗೆ ಬರಲಿಲ್ಲ ಎಂದು ಕೇಳುವ ಮಗುವಿಗೆ ಉತ್ತರ ಕೊಡಲು ಅರ್ಧ ಶತಮಾನ ಬೇಕಾಗಬಾರದು.