ಹಣೆಯ ಮೇಲಿನ ದೀಪ

ಬೆಳವಣಕಿಯ ಎರೆಹೊಲಗಳ ನಡುವೆ ನಿಂತವನಿಗೆ ಪರ್ವತಾರೋಹಣವು ಪರದೇಶದ ಮಾತೆನಿಸೀತು. ಆದರೆ ಪರ್ವತಾರೋಹಿಗಳ ಹಣೆದೀಪ ಈ ಸೀಮೆಗೆ ಹೊಸದಲ್ಲ. ರಾತ್ರಿ ಕರೆಂಟು ಬಂದಾಗ ಬೆಳೆಗೆ ನೀರು ಹಾಯಿಸುವ ರೈತನ ತಲೆಯನ್ನೂ ಅದು ಏರಿದೆ. ಅವನಿಗೆ ಸಲಿಕೆ ಹಿಡಿಯಲು ಎರಡು ಕೈ ಬೇಕು. ಬಂಡೆ ಹತ್ತುವವನಿಗೆ ಹಗ್ಗ ಹಿಡಿಯಲು ಬೇಕು. ಕೈಯಲ್ಲಿ ಕಂದೀಲು ಹಿಡಿದು ಯಾರೂ ಬಂಡೆಯನ್ನು ಇಳಿಯಲಾರರು.

ನಮ್ಮ ಉತ್ತರಕ್ಕಿರುವ ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳು ಶಿಲಾರೋಹಿಗಳಿಗೆ ಅಚ್ಚುಮೆಚ್ಚು. ಬಿಸಿಲಿಗೆ ಕಲ್ಲು ಕಾಯುವ ಮುನ್ನ ಅವರು ನಸುಕಿನಲ್ಲೇ ಹೊರಡುತ್ತಾರೆ. ಹಿಮಾಲಯದಲ್ಲಿ ಕಾರಣ ಬೇರೆ: ಇರುಳ ಚಳಿಗೆ ಗಟ್ಟಿಯಾಗಿದ್ದ ಹಿಮ ಬಿಸಿಲೇರಿದಂತೆ ಸಡಿಲಗೊಳ್ಳುತ್ತದೆ. ಎವರೆಸ್ಟ್ ಶಿಖರಕ್ಕೆ ಹೊರಡುವವರು ಸಾಮಾನ್ಯವಾಗಿ ರಾತ್ರಿಯೇ ಕೊನೆಯ ಶಿಬಿರವನ್ನು ಬಿಡುತ್ತಾರೆ.

ದೀಪವನ್ನು ಕೊಳ್ಳುವಾಗ ಅಂಗಡಿಯವನು ‘ಸಾವಿರ ಲ್ಯೂಮೆನ್’ ಎಂದೊಡನೆ ಮರುಳಾಗಬೇಕಾಗಿಲ್ಲ. ಲ್ಯೂಮೆನ್ ಎಂಬುದು ಬೆಳಕಿನ ಅಳತೆ. ಕಾಲುದಾರಿಗೆ 200 ಸಾಕು. ದೂರದ ಹಾದಿಯನ್ನು ಅರಸಲು 300ರಿಂದ 400 ಇದ್ದರೆ ಧಾರಾಳ. ಪ್ರಖರತೆ ಹೆಚ್ಚಿದಷ್ಟೂ ಬ್ಯಾಟರಿ ಬೇಗ ಬರಿದಾಗುತ್ತದೆ. ಚೀಲದೊಳಗೆ ಗುಂಡಿ ಒತ್ತಿಹೋಗಿ ತಾನೇ ಉರಿದು ಮುಗಿಯದಂತೆ ಬೀಗದ ವ್ಯವಸ್ಥೆಯೂ ಇರಲಿ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುವುದರಿಂದ ಹೆಚ್ಚಿನ ಜೊತೆಯೊಂದನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿಕೊಂಡಿರಬೇಕು.

ಇಷ್ಟಾದರೂ ಹಣೆದೀಪಕ್ಕೊಂದು ವಂಚನೆಯ ಗುಣವಿದೆ. ನನ್ನ ಮಟ್ಟಿಗೆ ಇದೇ ಮುಖ್ಯವಾದ ಸಂಗತಿ. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುವುದರಿಂದ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗಿಬಿಡುತ್ತದೆ. ನೆರಳಿಲ್ಲದ ಮೇಲೆ ತಗ್ಗಾವುದು, ದಿನ್ನೆಯಾವುದು? ಒಂದು ಗೇಣು ಆಳದ ಕುಳಿ ಸಮನೆಲವಾಗಿ ತೋರುತ್ತದೆ. ದಣಿದು ಇಳಿಯುವವನ ಕಾಲು ಅಲ್ಲೇ ಉಳುಕುತ್ತದೆ. ಸಂದೇಹ ಬಂದಲ್ಲಿ ದೀಪವನ್ನು ಕಳಚಿ ಸೊಂಟದ ಮಟ್ಟದಲ್ಲಿ ಹಿಡಿದರೆ ನೆರಳುಗಳು ಒಮ್ಮೆಗೇ ಎದ್ದು ನಿಲ್ಲುತ್ತವೆ. ಕುಮಾರಪರ್ವತದಂಥ ಕಡೆ ಮಂಜು ಕವಿದಾಗಲೂ ಇದೇ ಉಪಾಯ. ಹಣೆಯ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ಮರಳಿ ಬಿಳಿಯ ಗೋಡೆ ಕಟ್ಟುತ್ತದೆ.

ಸಂಗಡಿಗನೊಡನೆ ಮಾತನಾಡುವಾಗ ದೀಪವನ್ನು ಕೆಳಕ್ಕೆ ಬಾಗಿಸುವುದು ಬರಿಯ ಮರ್ಯಾದೆಯಲ್ಲ. ಬೆಳಕಿಗೆ ಕುಕ್ಕಿದ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು! ನಕಾಶೆ ನೋಡಲು ಮಂದವಾದ ಕೆಂಪು ಬೆಳಕು ಲೇಸು.

ದಾರಿ ತಪ್ಪಿದಾಗ ಇದೇ ದೀಪ ಬಾಯಾಗುತ್ತದೆ. ಒಂದು ನಿಮಿಷದಲ್ಲಿ 6 ಸಲ ಮಿನುಗಿಸಿ, ಒಂದು ನಿಮಿಷ ಬಿಟ್ಟು, ಮತ್ತೆ 6 ಸಲ ಮಿನುಗಿಸುವುದು ಪರ್ವತಾರೋಹಿಗಳ ಆಪತ್ಸಂಕೇತ. ಉತ್ತರವಾಗಿ ನಿಮಿಷಕ್ಕೆ 3 ಸಲ ಬೆಳಕು ಕಂಡರೆ ಕರೆ ತಲುಪಿತೆಂದು ಅರ್ಥ. ಆಗಲೂ ನಿಲ್ಲಿಸದೆ, ನೆರವಿನವರು ಬಳಿ ಸೇರುವವರೆಗೆ ಸಂಕೇತವನ್ನು ಮುಂದುವರಿಸಬೇಕು.