ಕಲಿತದ್ದು ಲೆಕ್ಕಕ್ಕೆ ಬರಲಿ

ಕಾಲೇಜಿನ ಹೊರಗೆ ಕಲಿತು, ಪರೀಕ್ಷೆ ಬರೆದು, ಪದವಿಗೆ ಕ್ರೆಡಿಟ್ ಗಳಿಸುವುದು ನಮ್ಮಲ್ಲೂ ಸಾಧ್ಯ. 2017ರಲ್ಲಿ ಆರಂಭವಾದ ‘ಸ್ವಯಂ’ ಜಾಲತಾಣದ ಪಾಠಗಳು ಉಚಿತ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಸೆಮಿಸ್ಟರಿನ ಶೇ 20ರಷ್ಟು ವಿಷಯಗಳಿಗಿದ್ದ ಈ ಅವಕಾಶವನ್ನು ಯುಜಿಸಿ 2021ರಲ್ಲಿ ಶೇ 40ಕ್ಕೆ ಏರಿಸಿತು.

ಮುಳಬಾಗಿಲಿನಲ್ಲೋ ಶ್ರೀನಿವಾಸಪುರದಲ್ಲೋ ಓದುವ ಹುಡುಗಿಗೆ ಇದು ಸಣ್ಣ ಸಂಗತಿಯಲ್ಲ. ತನ್ನ ಕಾಲೇಜಿನಲ್ಲಿಲ್ಲದ ಸಂಖ್ಯಾಶಾಸ್ತ್ರಕ್ಕಾಗಿ ಆಕೆ ದಿನವೂ ಬೆಂಗಳೂರಿನ ಬಸ್ಸು ಹಿಡಿಯಬೇಕಿಲ್ಲ. ಆದರೆ ಯಾವ ಕೋರ್ಸನ್ನು ಮಾನ್ಯ ಮಾಡಬೇಕೆಂಬುದು ವಿಶ್ವವಿದ್ಯಾಲಯದ ತೀರ್ಮಾನ. ಆ ಪಟ್ಟಿಯು ನೋಂದಣಿಯ ಗಡುವಿಗೆ ಮೊದಲೇ ತಾಲ್ಲೂಕಿನ ಕಾಲೇಜಿನ ಸೂಚನಾಫಲಕ ತಲುಪದಿದ್ದರೆ ಆಕೆಯ ಶ್ರಮ ಅಂಕಪಟ್ಟಿಯಲ್ಲಿ ಕಾಣಿಸದು. (ಸುತ್ತೋಲೆಗಳ ನಡಿಗೆಯ ವೇಗವನ್ನು ಸರ್ಕಾರಿ ಸೇವೆಯಲ್ಲಿದ್ದವರಿಗೆ ವಿವರಿಸಬೇಕಾಗಿಲ್ಲ.) ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಸ್ಥಾಪನೆಗೊಂಡದ್ದೇ ಕೋಲಾರದಲ್ಲಿ, ಅಲ್ಲಿಂದ ಈ ತಾಲ್ಲೂಕುಗಳು ದೂರವೇನಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ಆಳವಾದುದು. ಅಮೆರಿಕದಲ್ಲಿ 1967ರಿಂದ ನಡೆದುಬಂದಿರುವ ‘ಕ್ಲೆಪ್’ ಪರೀಕ್ಷೆಯು ಅಭ್ಯರ್ಥಿ ಎಲ್ಲಿ ಕಲಿತನೆಂದು ಕೇಳುವುದಿಲ್ಲ. ‘ಸ್ವಯಂ’ನಲ್ಲಾದರೋ ಕೋರ್ಸಿಗೆ ಸೇರಿ ಅಸೈನ್‌ಮೆಂಟುಗಳನ್ನು ಒಪ್ಪಿಸಲೇಬೇಕು. ಮಾಲೂರಿನ ಕಾರ್ಖಾನೆಯೊಂದರಲ್ಲಿ ಹತ್ತು ವರ್ಷ ಲೆಕ್ಕಪತ್ರ ಬರೆದವನು ಬಿ.ಕಾಂ.ಗೆ ಸೇರಿದರೆ, ಅಲ್ಲಿಯೂ ಮೊದಲ ವಾರದ ಪಾಠದಿಂದಲೇ ಆರಂಭಿಸಬೇಕು. ಆತನಿಗೆ ನೇರ ಪರೀಕ್ಷೆಯ, ಅದೂ ಕನ್ನಡದ ಪ್ರಶ್ನೆಪತ್ರಿಕೆಯ ಅವಕಾಶ ದೊರೆತರೆ, ಶುಲ್ಕವೂ ಉಳಿದೀತು, ಸಂಜೆಯ ವೇಳೆಯೂ ಉಳಿದೀತು.