ಬೈಗುಳದ ಅಕ್ಕರೆ: ಬೆಕ್ಕು ಮತ್ತು ಮುಪ್ಪಿನ ಬರಹ

ಜನಪದ ನುಡಿಗಟ್ಟಿನಲ್ಲಿ ಬೆಕ್ಕಿಗೆ ಗೌರವ ಕಡಿಮೆ. ಕಣ್ಣು ಮುಚ್ಚಿ ಹಾಲು ಕುಡಿಯುವುದು, ಇಲಿಯ ಪ್ರಾಣಸಂಕಟದಲ್ಲಿ ಚೆಲ್ಲಾಟವಾಡುವುದು, ಪಯಣಕ್ಕೆ ಅಡ್ಡ ಬರುವುದು ಇವೇ ಗಾದೆ ಮತ್ತು ಶಕುನಗಳು ಅದಕ್ಕೆ ವಹಿಸಿದ ಪಾತ್ರಗಳು. ಆದರೆ ಅದೇ ಬೆಕ್ಕನ್ನು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ನಂಬಿಕೆಯೂ ಉಂಟು. ಕನ್ನಡದ ಬೆಕ್ಕು, ಮರಾಠಿಯ ಮಾಂಜರ, ತೆಲುಗಿನ ಪಿಲ್ಲಿ, ಉರ್ದುವಿನ ಬಿಲ್ಲಿ ಒಂದೇ ಅಂಗಳದಲ್ಲಿ ತಿರುಗಾಡುವ ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ, ಮುದುಕಿಯರು ಬೆಕ್ಕನ್ನು ‘ಕಳ್ಳಿ’ ಎಂದು ಬೈಯುತ್ತಲೇ ಗಂಗಾಳದಲ್ಲಿ ಅದರ ಪಾಲಿನ ಹಾಲನ್ನ ಉಳಿಸುವುದನ್ನು ಪ್ರಸ್ತುತ ಲೇಖಕ ಬಾಲ್ಯದಿಂದಲೂ ಕಂಡಿದ್ದಾನೆ.

ಶಿಷ್ಟ ಸಾಹಿತ್ಯಕ್ಕೆ ಈ ಸಮತೋಲನ ಸುಲಭಸಾಧ್ಯವಲ್ಲ. ಪ್ರೀತಿಯೊಂದೇ ಉಳಿದರೆ ಬರಹ ಗೋಳಾಗುತ್ತದೆ. ವ್ಯಂಗ್ಯವೊಂದೇ ಉಳಿದರೆ ಪಂಚತಂತ್ರದ ಕಪಟ ತಪಸ್ವಿಯಂತೆ ಬೆಕ್ಕು ಬರಿಯ ದೃಷ್ಟಾಂತವಾಗುತ್ತದೆ. ಎರಡನ್ನೂ ಮುಪ್ಪಿನವರೆಗೆ ಕಾಯ್ದುಕೊಂಡವರಲ್ಲಿ ಇಂಗ್ಲಿಷ್ ಲೇಖಕಿ ಡೋರಿಸ್ ಲೆಸ್ಸಿಂಗ್ (1919–2013) ಗಮನಾರ್ಹರು. 2007ರ ನೊಬೆಲ್ ಪುರಸ್ಕೃತೆಯೆಂದು ಅವರನ್ನು ಬಲ್ಲ ನಮ್ಮ ಓದುಗರು ಅವರ ಬೆಕ್ಕುಗಳನ್ನು ಅಷ್ಟಾಗಿ ಬಲ್ಲವರಲ್ಲ.

1967ರ ‘ಪರ್ಟಿಕ್ಯುಲರ್ಲಿ ಕ್ಯಾಟ್ಸ್’ ಕೃತಿಯಲ್ಲಿ, ಇಂದಿನ ಜಿಂಬಾಬ್ವೆಯಲ್ಲಿ ಕಳೆದ ಬಾಲ್ಯದ ಪ್ರಸಂಗವೊಂದಿದೆ. ಹೊಲಮನೆಯಲ್ಲಿ ಹೆಚ್ಚಾದ ಮರಿಗಳನ್ನು ಕೊಲ್ಲುವುದು ತಾಯಿಯ ಪಾಲಿನ ಕೆಲಸ. ಒಂದು ವರ್ಷ ಆಕೆ ಅದನ್ನು ಮಾಡಲೊಲ್ಲಳು. ಬೆಕ್ಕುಗಳು ಸುಮಾರು ನಲವತ್ತಕ್ಕೇರಿದವು. ಕೊನೆಗೆ ತಂದೆ ಅವನ್ನು ಗುಂಡಿಟ್ಟು ಕೊಂದರು. ಲೇಖಕಿ ಇದನ್ನು ಕಣ್ಣೀರಿನಿಂದ ಒದ್ದೆ ಮಾಡದೆ ಹೇಳುತ್ತಾರೆ. ಮುಂದೆ ಲಂಡನ್ನಿನ ಬೂದು ಬೆಕ್ಕು ಮತ್ತು ಕಪ್ಪು ಬೆಕ್ಕುಗಳ ಬಿಂಕ, ಮತ್ಸರಗಳು ಬರುತ್ತವೆ. ನಮ್ಮ ಸವತಿಯರ ಕಥೆಗಳನ್ನು ಕೇಳಿದವರಿಗೆ ಈ ಭಾಗ ತೀರ ಪರಿಚಿತವೆನಿಸುವುದು.

2000ರಲ್ಲಿ, ಎಂಬತ್ತರ ಆಸುಪಾಸಿನಲ್ಲಿ, ಅವರು ‘ದಿ ಓಲ್ಡ್ ಏಜ್ ಆಫ್ ಎಲ್ ಮ್ಯಾಗ್ನಿಫಿಕೋ’ ಪ್ರಕಟಿಸಿದರು. ಎಲ್ ಮ್ಯಾಗ್ನಿಫಿಕೋ ಎಂದರೆ ಮಹಾವೈಭವಶಾಲಿ. ಹಾಗೆ ಕರೆಸಿಕೊಂಡ ಗಂಡುಬೆಕ್ಕಿಗೆ ಅರ್ಬುದ ರೋಗ ತಗುಲಿ, ಮುಂಗಾಲೊಂದನ್ನು ಭುಜದ ಸಮೇತ ತೆಗೆಯಬೇಕಾಯಿತು. ಆ ಬಿರುದಿನಲ್ಲಿ ಮೊದಲಿಗೆ ಇದ್ದ ನಗೆ ಈಗ ಎತ್ತ ಹೋಯಿತು? ನನ್ನ ಓದಿನಲ್ಲಿ ಅದು ಬೆಕ್ಕಿನಿಂದ ಒಡತಿಯತ್ತ ತಿರುಗಿತು. ಉಳಿಸಲೆಂದೇ ಕತ್ತರಿಸಿದರೂ, ಏಕೆಂದು ಬೆಕ್ಕಿಗೆ ತಿಳಿಸಿ ಹೇಳುವ ಭಾಷೆ ಯಾರ ಬಳಿಯೂ ಇಲ್ಲ. ಮರಿಗಳ ಪ್ರಾಣ ತೆಗೆದ ಅಧಿಕಾರವೂ ಈ ಪ್ರಾಣವನ್ನು ಉಳಿಸಿದ ಅಧಿಕಾರವೂ ಮನುಷ್ಯನದೇ. ಮುಪ್ಪಿನಲ್ಲಿ ವ್ಯಂಗ್ಯ ತನ್ನ ಕಡೆಗೇ ತಿರುಗಿದ್ದರಿಂದಲೇ ಅಕ್ಕರೆಗೆ ಎಡೆಯಾಗಿದೆ.

ಚಿಂತಾಕಿಯ ನಮ್ಮ ಮನೆಯ ಬೆಕ್ಕು ಹಣ್ಣಾಗಿ, ನೆಲುವಿಗೆ ಹಾರಲಾರದಾದ ಮೇಲೆ ಅಜ್ಜಿ ಹಾಲಿನ ಗಡಿಗೆಯನ್ನು ಕೆಳಗಿಳಿಸಿ ಇಡುತ್ತಿದ್ದಳು. ಕರೆಯುತ್ತಿದ್ದುದು ಮಾತ್ರ ‘ಕಳ್ಳಿ’ ಎಂದೇ.